ಅಕ್ಕು ಬಾಯಿಯ ಐದು ನಿಮಿಷ

ಮುಂಬಯಿಯ ಭಾಂಡುಪಿನ ಗುಡ್ಡದ ಮೇಲೆ ನಾವಿದ್ದ ಚಾಳಿನಲ್ಲಿ ಬೆಳಿಗ್ಗೆ ಐದಕ್ಕೆ ನಲ್ಲಿಯ ಜಗಳದಿಂದ ಶುರುವಾದ ಸದ್ದು ಮಲಗುವ ತನಕ ನಿಲ್ಲುತ್ತಿರಲಿಲ್ಲ. ಹಿಂದುಗಡೆ ತಗಡಿನ ವರ್ಕ್‌ಶಾಪು. ಅಂಗಳದಲ್ಲಿ ನೀಲಾಬಾಯಿ ಮೆಣಸಿನಕಾಯಿ ಕುಟ್ಟುವ ಒನಕೆ. ಮನೆಗೊಂದು ರೇಡಿಯೋ. ಇಂಥ ಚಾಳಿನಲ್ಲಿ ಕಿವಿಯನ್ನೇ ನಂಬಿ ಕೆಲಸ ಮಾಡುತ್ತಿದ್ದವರು ಅಕ್ಕು ಬಾಯಿ.

ಅವರು ಪುತ್ತೂರಿನ ಕಡೆಯವರು. ಹೊಟೇಲಿನಲ್ಲಿದ್ದ ಅಣ್ಣನ ಹಿಂದೆ ಹತ್ತೊಂಬತ್ತನೆಯ ವಯಸ್ಸಿಗೆ ಮುಂಬಯಿಗೆ ಬಂದು, ದಾದಿಯ ತರಬೇತಿ ಪಡೆದು, ಮುನಿಸಿಪಾಲಿಟಿಯ ದವಾಖಾನೆ ಸೇರಿದ್ದರು. ಮದುವೆ ಮಾಡಿಕೊಳ್ಳಲಿಲ್ಲ. ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದು, ಒಂದು ಲೋಟ ಗಂಜಿ ಕುಡಿದು, ಚಾಳಿನ ಬಸುರಿಯರನ್ನು ನೋಡಲು ಹೊರಡುತ್ತಿದ್ದರು. ಕೈಯಲ್ಲಿ ಗೇಣುದ್ದದ ಒಂದು ಮರದ ಕೊಳವೆ. ಅದರ ಅಗಲವಾದ ಬಾಯಿಯನ್ನು ಬಸುರಿಯ ಹೊಟ್ಟೆಯ ಮೇಲಿಟ್ಟು, ಇನ್ನೊಂದು ತುದಿಗೆ ಕಿವಿ ಹಚ್ಚಿದರೆ ಮಗುವಿನ ಎದೆ ಬಡಿತ ಕೇಳುತ್ತದೆ. ಇಡುವ ಮೊದಲು ಅಂಗೈಯಲ್ಲಿ ಉಜ್ಜಿ ಅದನ್ನು ಬೆಚ್ಚಗೆ ಮಾಡುತ್ತಿದ್ದರು. ಎದ್ದ ಮೇಲೆ ಅವರು ಹೇಳುತ್ತಿದ್ದದ್ದು ಒಂದೇ ಮಾತು, "ಕೇಳಿಸ್ತು." ಅಷ್ಟಕ್ಕೆ ಆ ಮನೆಯವರೆಲ್ಲ ದೇವರ ಕಡೆ ತಿರುಗಿ ಕೈಮುಗಿಯುತ್ತಿದ್ದರು.

ಎಂಬತ್ತಾರನೆಯ ಇಸವಿಯ ಗಣಪತಿ ಹಬ್ಬದಲ್ಲಿ ಮಾತ್ರ ಅವರಿಗೆ ಕೇಳಿಸಲಿಲ್ಲ. ಅಂಗಳದ ಮಂಟಪಕ್ಕೆ ಆ ವರ್ಷ ಹೊಸ ಸ್ಪೀಕರ್ ಬಂದಿತ್ತು. ಅದನ್ನು ನೋಡಿಕೊಳ್ಳುವವನು ಶೆಟ್ಟೆಪ್ಪ, ವಿಜಾಪುರದ ಕಡೆಯವನು, ಫ್ಯಾಕ್ಟರಿಯಲ್ಲಿ ಫಿಟ್ಟರ್. ಹಬ್ಬದ ಮೂರನೆಯ ದಿನ ಅಕ್ಕು ಬಾಯಿ ಮೇಲಿನ ಗ್ಯಾಲರಿಯಿಂದ ಕೊಳವೆ ಹಿಡಿದುಕೊಂಡೇ ಕೆಳಗಿಳಿದು ಬಂದರು. ನಾನು ಮಂಟಪದಲ್ಲಿ ಗರಿಕೆ ಕಟ್ಟುತ್ತ ಕುಳಿತಿದ್ದೆ.

"ಶೆಟ್ಟೆಪ್ಪ, ಸ್ವಲ್ಪ ನಿಲ್ಸು ಮಾರಾಯ. ಸೇವಂತಿಯ ಹೊಟ್ಟೆ ನೋಡ್ಲಿಕ್ಕೆ ಕೂತಿದ್ದೇನೆ, ಎಂತದೂ ಕೇಳುದಿಲ್ಲ."

"ದೇವ್ರ ಹಾಡ್ ಐತ್ರಿ ಸಿಸ್ಟರ್. ಕೂಸು ಹೊಟ್ಟ್ಯಾಗಿಂದನ ಕೇಳ್ಲಿ, ಶಾಣ್ಯಾ ಆಗ್ತೈತಿ."

"ಕೂಸು ಕೇಳುದಲ್ಲ. ನಾನು ಕೇಳ್ಬೇಕು."

"ಪರ್ಮಿಶನ್ ಐತ್ರಿ ನಮ್ಮ ಕಡೆ." ಅವನು ಜೇಬಿನಿಂದ ಪೊಲೀಸ್ ಠಾಣೆಯ ಮೊಹರು ಒತ್ತಿದ ಕಾಗದ ತೆಗೆದು ಬಿಡಿಸಿದ. "ಸಿಕ್ಕಾ ನೋಡ್ರಿ ಬೇಕಾದ್ರ."

ಅಕ್ಕು ಬಾಯಿ ಕಾಗದ ನೋಡಲಿಲ್ಲ. ಬಾಳೆಗೊನೆ ಕಟ್ಟುತ್ತಿದ್ದ ಚಹಾ ಕ್ಯಾಂಟೀನಿನ ಕಾಂತಪ್ಪನನ್ನು ತೋಳು ಹಿಡಿದು ಎಳೆದು, ಕೊಳವೆಯನ್ನು ಅವನ ಎದೆಯ ಮೇಲಿಟ್ಟು, ಶೆಟ್ಟೆಪ್ಪನಿಗೆ ಕಿವಿ ಹಚ್ಚಲು ಹೇಳಿದರು.

"ಏನ್ ಕೇಳೂದ್ರಿ? ನಂದ ಸ್ಪೀಕರ್ ಕೇಳ್ತೈತಿ."

"ಈಗ ಅದನ್ನು ನಿಲ್ಸಿ ಕೇಳು."

ಶೆಟ್ಟೆಪ್ಪ ಒಂದು ಕೈ ಚಾಚಿ ಗುಂಡಿ ತಿರುಗಿಸಿದ. ಅಂಗಳ ಒಮ್ಮೆಲೇ ಖಾಲಿಯಾದಂತಾಯಿತು. ಅವನ ಹುಬ್ಬು ಮೇಲೇರಿತು. "ಏ, ಕುದುರಿ ಓಡಿದಂಗ ಓಡಾಕತ್ತೈತಿ."

"ಹೆದರಿಕೆ ಮಾರಾಯ. ಎಲ್ಲರೂ ನನ್ನನ್ನೇ ನೋಡ್ತಾ ಇದ್ದಾರೆ," ಅಂದ ಕಾಂತಪ್ಪ.

"ನಿನಗೂ ಎದಿ ಐತಿ ಅಂತ ಇವತ್ತ ಗೊತ್ತಾತು ನೋಡು. ಚಾದಾಗ ಹಾಲ ಹಾಕಾಂವಲ್ಲ ನೀ."

ಎಲ್ಲರೂ ನಕ್ಕರು. ಅಕ್ಕು ಬಾಯಿ ನಗಲಿಲ್ಲ. "ಇಷ್ಟು ದೊಡ್ಡ ಗಂಡಸಿನದ್ದು ಕೇಳ್ಲಿಕ್ಕೇ ನಿಲ್ಲಿಸ್ಬೇಕಾಯ್ತು. ಅದು ಇಷ್ಟು ಸಣ್ಣದು," ಎಂದು ಮುಷ್ಟಿ ತೋರಿಸಿದರು.

ಅಂದು ಸಂಜೆ ಮಂಟಪದೆದುರು ಚಾಳಿನ ಸಭೆ ನಡೆಯಿತು. ಸೆಕ್ರೆಟರಿ ಜಯಸಿಂಹ, ಮೈಸೂರಿನವರು, ನಿಯಮವನ್ನು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಓದಿದರು: ಅಕ್ಕು ಬಾಯಿ ಮೇಲಿನ ಗ್ಯಾಲರಿಯ ಕಟಕಟೆಗೆ ಹಸಿರು ಟವೆಲು ಹಾಕಿದರೆ ಚಾಳಿನಲ್ಲಿ ಯಾರೂ ಸದ್ದು ಮಾಡಬಾರದು. ಟವೆಲು ತೆಗೆಯುವ ತನಕ. ಹೆಚ್ಚೆಂದರೆ ಐದು ನಿಮಿಷ.

"ಅಂದ್ರ ನಾ ಎತ್ತಿದ ಒನಕಿ ಎತ್ತಿದಂಗ ನಿಲ್ಲಲೇನ?" ಎಂದು ನೀಲಾಬಾಯಿ ಕೇಳಿದಳು.

"ಕೂತ್ಕೊಳ್ಳಿ. ಸೊಂಟಕ್ಕೂ ಒಳ್ಳೇದು," ಎಂದರು ಜಯಸಿಂಹ.

ವರ್ಕ್‌ಶಾಪಿನವನು ಗೊಣಗಿ ಒಪ್ಪಿದ. ಶೆಟ್ಟೆಪ್ಪ ಕೊನೆಗೆ ಎದ್ದು ನಿಂತ. "ಎಲ್ಲಾ ಖರೇ. ಆದ್ರ ಆರತಿ ನಿಲ್ಲಂಗಿಲ್ಲ. ಹಂಗಂತ ಬರೀರಿ." ಆರತಿಯೊಂದನ್ನು ಬಿಟ್ಟು ಎಂದು ಜಯಸಿಂಹ ಸೇರಿಸಿದರು. ಎಲ್ಲರೂ ಕೈ ಎತ್ತಿದೆವು. ನಾನೂ ಎತ್ತಿದೆ. ದೇವರ ಕೆಲಸದ ನಡುವೆ ತಡೆ ಬರಬಾರದೆಂದೇ ನಾನು ತಿಳಿದಿದ್ದವಳು.

ಮರುದಿನದಿಂದ ಚಾಳಿಗೆ ಹೊಸ ಹುರುಪು ಬಂತು. ಟವೆಲು ಕಂಡ ಕೂಡಲೇ ಮೇಲಿನವರು ಕೆಳಗಿನವರಿಗೆ ಕೈಸನ್ನೆ ಮಾಡುತ್ತಿದ್ದರು. ಸ್ಟವ್ ಆರುತ್ತಿತ್ತು. ಸೀಟಿ ಹಾಕಲಿದ್ದ ಕುಕ್ಕರನ್ನು ಯಾರೋ ಓಡಿ ಹೋಗಿ ಇಳಿಸುತ್ತಿದ್ದರು. ಕೆಮ್ಮು ಬಂದವರು ಬಾಯಿಗೆ ಸೆರಗು ತುರುಕಿಕೊಂಡು ಗುಡ್ಡದ ಕಡೆ ಓಡುತ್ತಿದ್ದರು. ಆ ಮೌನದಲ್ಲಿ ದೂರದ ಲೋಕಲ್ ಗಾಡಿಯ ಸದ್ದು ಕೇಳಿ, ಅದು ನಮ್ಮಲ್ಲಿಗೆ ಕೇಳಿಸುತ್ತದೆಂದು ನನಗೆ ಆಗಲೇ ಗೊತ್ತಾದದ್ದು.

ಏಳನೆಯ ದಿನ ಸಂಜೆ ಸೇವಂತಿಗೆ ನೋವು ಬಂತು. ಅವಳಿಗೆ ಚೊಚ್ಚಲು, ಎಂಟನೆಯ ತಿಂಗಳು ನಡೆಯುತ್ತಿತ್ತು. ಗಂಡ ಪೂವಪ್ಪ ಹೊಟೇಲಿನಲ್ಲಿ ದೋಸೆ ಹಾಕುವವನು, ಕೆಲಸಕ್ಕೆ ಹೋಗಿದ್ದ. ಅಕ್ಕು ಬಾಯಿ ನನ್ನನ್ನು ಕೂಗಿ ಕರೆದರು. ನಾನು ಹೋದಾಗ ಅವರು ಎರಡೂ ಅಂಗೈಗಳನ್ನು ಅವಳ ಹೊಟ್ಟೆಯ ಮೇಲಿಟ್ಟು ಕಣ್ಣು ಮುಚ್ಚಿ ಕುಳಿತಿದ್ದರು.

"ಸರಸ್ವತಿಯಮ್ಮ, ನನಗೆ ಎರಡು ತಲೆ ಸಿಕ್ಕಿದ ಹಾಗೆ ಆಗ್ತದೆ. ಖಾತ್ರಿ ಇಲ್ಲ," ಎಂದು ಮೆಲ್ಲಗೆ ಹೇಳಿದರು. "ಒಂದೇ ಆದ್ರೆ ಇದು ಸುಳ್ಳು ನೋವು ಇರ್ಬಹುದು, ಮಲಗಿಸಿದ್ರೆ ಸಾಕು. ಈ ಗರ್ದಿಯಲ್ಲಿ ಗುಡ್ಡ ಇಳಿಸುದೇ ಅಪಾಯ. ಎರಡಾದ್ರೆ ದೊಡ್ಡ ಆಸ್ಪತ್ರೆಗೆ ಈಗಲೇ ಹೋಗ್ಬೇಕು."

ಅಂದು ಏಳು ದಿನದ ಗಣಪತಿಗಳನ್ನು ನೀರಿಗೆ ಬಿಡುವ ದಿನ. ಇನ್ನರ್ಧ ಗಂಟೆಯಲ್ಲಿ ಮೆರವಣಿಗೆಗಳು ಹೊರಟರೆ ಟ್ಯಾಕ್ಸಿ ಹೋಗಲು ರಸ್ತೆ ಇರುವುದಿಲ್ಲ. ಕೆಳಗೆ ಅಂಗಳದಲ್ಲಿ ನಮ್ಮ ಗಣಪತಿಗೆ ಆರತಿ ಶುರುವಾಗಿತ್ತು. ತಾಳ, ಜಾಗಟೆ, ಮೈಕಿನಲ್ಲಿ ಶೆಟ್ಟೆಪ್ಪನ ದನಿ.

"ಆರತಿ ನಡೀತಿದೆ," ಎಂದೆ.

"ಟವೆಲು ಹಾಕಿ."

ದೇವರೇ, ಇದು ನಿನ್ನದೇ ಕೆಲಸ ಎಂದುಕೊಂಡು ಟವೆಲನ್ನು ಕಟಕಟೆಯ ಮೇಲೆ ಹಾಸಿದೆ. ಕೆಳಗಿನ ಮುಖಗಳು ಒಂದೊಂದಾಗಿ ಮೇಲೆ ತಿರುಗಿದವು. ಜಯಸಿಂಹ ನಿಯಮ ಬರೆದ ಹಲಗೆಯತ್ತ ಬೆರಳು ತೋರಿಸಿ, "ಆರತಿ ಬಿಟ್ಟು ಅಂತ ಇದೆಯಲ್ರೀ," ಎಂದು ಕೂಗಿದರು. ನಾನು ಕೈಮುಗಿದೆ. ಶೆಟ್ಟೆಪ್ಪ ಟವೆಲು ನೋಡಿದ, ಗಣಪತಿಯನ್ನು ನೋಡಿದ. ಸಾಲಿನ ನಡುವೆಯೇ ಅವನ ದನಿ ನಿಂತಿತು. ಬಗ್ಗಿ ಮೈಕಿನ ಗುಂಡಿ ತಿರುಗಿಸಿ, ತುಟಿಯ ಮೇಲೆ ಬೆರಳಿಟ್ಟುಕೊಂಡ. ಜಾಗಟೆಯ ಗುಂಯ್ ಎಂಬ ಸದ್ದನ್ನು ಯಾರೋ ಅಂಗೈಯಿಂದ ಒತ್ತಿ ಹಿಡಿದರು.

ಒಳಗೆ ಓಡಿದೆ. "ನೀವು ಭಜನೆಯಲ್ಲಿ ತಾಳ ತಪ್ಪದವರು. ಈ ಬದಿಗೆ ಬನ್ನಿ," ಎಂದರು ಅಕ್ಕು ಬಾಯಿ. ಹೊಟ್ಟೆಯ ಬಲಬದಿಯ ಮೇಲೆ ತೆಳುವಾದ ಬಟ್ಟೆ ಹಾಸಿ, "ಕಿವಿ ಒತ್ತಿ. ಕೇಳಿಸಿದ್ದನ್ನು ಇವಳ ಕೈಯ ಮೇಲೆ ಬೆರಳಲ್ಲಿ ತಟ್ಟಿ. ನನ್ನನ್ನು ನೋಡ್ಲಿಕ್ಕೆ ಇಲ್ಲ." ಅವರು ಎಡಬದಿಗೆ ಕೊಳವೆ ಇಟ್ಟು ಕಿವಿ ಹಚ್ಚಿದರು. ಸೇವಂತಿಯ ಎಡಗೈ ಅವರ ಬೆರಳಿನ ಕೆಳಗೆ, ಬಲಗೈ ನನ್ನ ಬೆರಳಿನ ಕೆಳಗೆ.

ಮೊದಲು ನನ್ನದೇ ರಕ್ತದ ಸದ್ದು ಕೇಳಿತು. ಕಣ್ಣು ಮುಚ್ಚಿದೆ. ಆಮೇಲೆ, ದಿಂಬಿನ ಕೆಳಗಿಟ್ಟ ಗಡಿಯಾರದ ಹಾಗೆ, ಬಹಳ ಬೇಗ ಬೇಗ, ಒಂದು ಟಿಕ್ ಟಿಕ್ ದೂರದಿಂದ ಹತ್ತಿರ ಬಂತು. ಬಿಟ್ಟು ಹೋದೀತೆಂದು ಉಸಿರು ಹಿಡಿದು ತಟ್ಟತೊಡಗಿದೆ. ಎಷ್ಟು ಹೊತ್ತು ತಟ್ಟಿದೆನೋ ಗೊತ್ತಿಲ್ಲ.

"ಅಕ್ಕ," ಎಂದು ಸೇವಂತಿ ಅಕ್ಕು ಬಾಯಿಯನ್ನು ಕರೆದಳು. "ಎರಡು ಬೆರಳು ಒಟ್ಟಿಗೆ ಹೋಗುದಿಲ್ಲ. ಇವರದ್ದು ಮುಂದೆ ಹೋಗ್ತದೆ, ನಿಮ್ಮದು ಹಿಂದೆ ಉಳೀತದೆ."

ಅಕ್ಕು ಬಾಯಿ ತಲೆ ಎತ್ತಿದರು. ಅವರ ಕಣ್ಣು ಹೊಳೆಯುತ್ತಿತ್ತು. "ಪುನಃ," ಎಂದರು. ಪುನಃ ಕೇಳಿದೆವು. ಪುನಃ ಸೇವಂತಿ ಅದನ್ನೇ ಹೇಳಿದಳು. ಒಂದೇ ಎದೆಯಾಗಿದ್ದರೆ ಎರಡು ಬೆರಳೂ ಜೊತೆಯಾಗಿ ಬೀಳಬೇಕಿತ್ತು.

"ಎರಡು ಉಂಟು," ಎಂದರು ಅಕ್ಕು ಬಾಯಿ. "ಟ್ಯಾಕ್ಸಿ."

ನಾನು ಹೊರಗೆ ಬಂದು ಕೆಳಗೆ ನೋಡಿದವಳು ಕಟಕಟೆ ಹಿಡಿದು ನಿಂತುಬಿಟ್ಟೆ. ಆರತಿ ನಿಂತಿರಲಿಲ್ಲ. ಶೆಟ್ಟೆಪ್ಪ ಆರತಿಯ ತಟ್ಟೆಯನ್ನು ಸುತ್ತಿಸುತ್ತಲೇ ಇದ್ದ. ಸುತ್ತಲಿನ ನೂರು ಜನರ ತುಟಿಗಳು ಆಡುತ್ತಿದ್ದವು, ಅಂಗೈಗಳು ಒಂದಕ್ಕೊಂದು ತಾಗದೆ ತಾಳ ಹಾಕುತ್ತಿದ್ದವು, ಒಂದಿಷ್ಟೂ ಸದ್ದಿರಲಿಲ್ಲ. ಅಂಥ ಆರತಿಯನ್ನು ನಾನು ಯಾವ ದೇವಸ್ಥಾನದಲ್ಲೂ ಕಂಡವಳಲ್ಲ. ಎರಡು ಬೆರಳೆತ್ತಿ ತೋರಿಸಿ, ಟವೆಲು ತೆಗೆದೆ. ಅಂಗಳ ಸಿಡಿಯಿತು.

ಕುರ್ಚಿಯಲ್ಲಿ ಕೂರಿಸಿ ಸೇವಂತಿಯನ್ನು ನಾಲ್ವರು ಗುಡ್ಡ ಇಳಿಸಿದರು. ಕಾಂತಪ್ಪ ಗಣಪತಿ ಮಂಡಳದ ಬಿಲ್ಲೆ ಎದೆಗೆ ಸಿಕ್ಕಿಸಿಕೊಂಡು ಸೀಟಿ ಊದುತ್ತ ಟ್ಯಾಕ್ಸಿಯ ಮುಂದೆ ಓಡಿದ. ಮೊದಲನೆಯ ಮೆರವಣಿಗೆ ಮುಖ್ಯ ರಸ್ತೆಗೆ ಬರುವಷ್ಟರಲ್ಲಿ ಅವರು ದಾಟಿದ್ದರು.

ಮರುದಿನ ಬೆಳಿಗ್ಗೆ ಮೆಡಿಕಲ್ ಸ್ಟೋರಿನ ಫೋನಿಗೆ ಪೂವಪ್ಪನ ಕರೆ ಬಂತು. ಎರಡು ಹೆಣ್ಣು. ಎರಡನೆಯದು ಅಡ್ಡ ತಿರುಗಿ ಮಲಗಿತ್ತಂತೆ. ಗೊತ್ತಿಲ್ಲದೆ ಮನೆಯಲ್ಲೇ ಹೆರಿಗೆಯಾಗಿದ್ದರೆ ಅದೂ ಉಳಿಯುತ್ತಿರಲಿಲ್ಲ, ತಾಯಿಯೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ತೂಕ ಕಡಿಮೆ, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ, ಅಳು ಮಾತ್ರ ವಾರ್ಡಿಗೆಲ್ಲ ಕೇಳುತ್ತದೆ.

ಶೆಟ್ಟೆಪ್ಪ ಮೊದಲು ಹಲಗೆಯ ಹತ್ತಿರ ಹೋಗಿ ಆರತಿಯೊಂದನ್ನು ಬಿಟ್ಟು ಎಂಬುದನ್ನು ಅಂಗೈಯಿಂದ ಒರೆಸಿದ. ಆಮೇಲೆ ಮೈಕು ಹಿಡಿದ. "ಹಲೋ, ಹಲೋ. ಸಬ್ ಲೋಗ್ ಸುನೋ. ನಮ್ಮ ಪೂವಪ್ಪಗ ಎರಡು ಹೆಣ್ಣು ಆಗ್ಯಾವು, ದೋನ್ ಮುಲಿ. ಎಲ್ಲಾರೂ ಲಾಡು ತಿನ್ನಾಕ ಬರ್ರಿ." ಗುಂಡಿಯನ್ನು ಕೊನೆಯ ತನಕ ತಿರುಗಿಸಿ, ಬ್ಯಾಂಡಿನ ಕ್ಯಾಸೆಟ್ಟು ಹಾಕಿದ. ಕಿಟಕಿಯ ಗಾಜು ಅದುರಿತು. ಆಸ್ಪತ್ರೆಯಿಂದ ಆಗಷ್ಟೇ ಬಂದ ಅಕ್ಕು ಬಾಯಿ ಕೆಂಪಾದ ಕಣ್ಣುಗಳಲ್ಲಿ ಸ್ಪೀಕರಿನ ಪಕ್ಕದಲ್ಲೇ ನಿಂತು ಲಾಡು ತಿಂದರು. ನಿಲ್ಲಿಸು ಎನ್ನಲಿಲ್ಲ.

ಅರ್ಧ ಗಂಟೆಯಾಗಿರಬೇಕು, ಎದುರಿನ ಗುಡ್ಡದ ಚಾಳಿನಿಂದ ಮೂವರು ಹತ್ತಿ ಬಂದರು. ಇಷ್ಟು ಗಲಾಟೆ ಯಾಕೆ, ನಿಮ್ಮಲ್ಲಿ ನಿಯಮ ಗಿಯಮ ಇಲ್ಲವೇ ಎಂದು ಜೋರು ಮಾಡಿದರು. ಅಕ್ಕು ಬಾಯಿ ಕೈ ಒರೆಸಿಕೊಂಡು ಮುಂದೆ ಬಂದು, "ಉಂಟು, ಬನ್ನಿ ಹೇಳ್ತೇನೆ," ಎಂದು ಅವರ ಕೈಗೆ ಒಂದೊಂದು ಲಾಡು ಕೊಟ್ಟು, ಹಲಗೆಯ ಕಡೆ ಕರೆದುಕೊಂಡು ಹೋದರು.