ಪಾರ್ಲರ್ ಅಕ್ಕ ಕೇಳಿದ್ದ ಪ್ರಶ್ನೆ

ಹೋದ ವಾರ ಕಾಲೇಜಿನ ಲ್ಯಾಬಿನಲ್ಲಿ ಪಾಠ ಮಾಡುತ್ತಾ ಕಪ್ಪೆ ಇಟ್ಟಿದ್ದ ಜಾಡಿಯ ಮುಚ್ಚಳ ತೆಗೆದೆ. ಫಾರ್ಮಲಿನ್ ಘಾಟು ಮೂಗಿಗೆ ಅಡರಿತು. ಮುಂದಿನ ಬೆಂಚಿನ ಹುಡುಗಿ ಮೂಗು ಮುಚ್ಚಿಕೊಂಡು, "ಇದು ಪಾರ್ಲರ್ ವಾಸ್ನೆ ಅಲ್ವಾ ಮಿಸ್?" ಎಂದಳು. ಎಲ್ಲರೂ ನಕ್ಕರು. ನಾನು ಜಾಡಿಯ ಮುಚ್ಚಳ ಮತ್ತೆ ಬಿಗಿದೆ...

ನಾನು ಬಿ.ಎಸ್ಸಿ. ಓದುತ್ತಿದ್ದಾಗ ಮದ್ದೂರಿನ ನಮ್ಮ ಬೀದಿಯಲ್ಲಿ ಪಾರ್ಲರ್ ಅಕ್ಕ ಇದ್ದರು. ಕಿಟಕಿಯಿಲ್ಲದ ಒಂದೇ ಕೋಣೆ, ಎರಡು ಕುರ್ಚಿ. ಬಾಯಿ ಜೋರು, ಕೈ ಮಾತ್ರ ಬಲು ಮೃದು. ನನ್ನದು ಬಾಚಣಿಗೆ ಮುರಿಯುವಂಥ ಗುಂಗುರು ಕೂದಲು. ನೋಡಲು ಬಂದ ಮೊದಲ ಗಂಡಿನ ಕಡೆಯವರು, "ಉಡ್ಗಿ ಪರ್ವಾಗಿಲ್ಲ, ತಲೆ ಮಾತ್ರ ಗುಬ್ಬಿಗೂಡು" ಎಂದು ಹೋಗಿದ್ದರು. ಭಾನುವಾರ ಇನ್ನೊಬ್ಬರು ಬರುವವರಿದ್ದರು. ಮೈಯೆಲ್ಲ ಉರಿದುಹೋಗಿದ್ದರೂ ನಾನು ಓಡಿದ್ದು ಅಕ್ಕನ ಹತ್ತಿರವೇ.

ಅಕ್ಕ ಷಟರ್ ಅರ್ಧ ಎಳೆದು ಪರದೆ ಬಿಟ್ಟರು. ಕೂದಲು ಬಿಟ್ಟುಕೊಂಡು ಕೂತ ಹೆಣ್ಣುಮಕ್ಕಳು ದಾರಿಹೋಕ ಗಂಡಸರ ಕಣ್ಣಿಗೆ ಬೀಳಬಾರದಲ್ಲ! ಕೂದಲು ಹಾರುತ್ತದೆಂದು ಫ್ಯಾನೂ ಬಂದ್. ಗುಂಗುರು ನೆಟ್ಟಗಾಗುವ ಔಷಧಿ ಹಚ್ಚಿ, ಕಾದ ಸ್ಟ್ರೇಟ್ನರ್ ಎಳೆದಂತೆಲ್ಲ ಹೊಗೆ ಎದ್ದಿತು. ಇಬ್ಬರ ಕಣ್ಣಲ್ಲೂ ನೀರು. ಅಕ್ಕ ಕೆಮ್ಮುತ್ತಾ ಬಾಟಲಿಯನ್ನು ನನ್ನ ಕೈಗಿಟ್ಟರು.

"ನೀನು ಓದಿರೋಳು, ಒಸಿ ನೋಡವ್ವ. ಇದ್ರಲ್ಲಿ ಕೆಟ್ಟದ್ದೇನಾರ ಅದಾ? ಯಾಕೋ ಎದೆ ಇಡ್ಕತದೆ."

ಅಪಾಯವೇನೂ ಇಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಮೂಗು ಬೇರೆಯೇ ಹೇಳುತ್ತಿತ್ತು. ಅದೇ ವಾಸನೆಯ ಜಾಡಿಯ ಮುಂದೆ ಬೆಳಿಗ್ಗೆ ತಾನೇ ನಿಂತು ಬಂದಿದ್ದೆ. ಸತ್ತ ಕಪ್ಪೆ ಕೊಳೆಯದಿರಲೆಂದು ಹಾಕುವ ವಿಷ ಅದೆಂದು ನನಗೆ ಗೊತ್ತಿತ್ತು. ಆದರೆ ಅರ್ಧ ತಲೆ ನೆಟ್ಟಗಾಗಿತ್ತು, ಅರ್ಧ ಉಳಿದಿತ್ತು.

"ಏನಿಲ್ಲಕ್ಕ" ಎಂದೆ.

ಭಾನುವಾರ ಬಂದವರು ಉಪ್ಪಿಟ್ಟು ತಿಂದು ಹೋದರು, ಆಮೇಲೆ ಸುದ್ದಿಯೇ ಇಲ್ಲ. ಅಕ್ಕನೋ, ಓದಿದ ಹುಡುಗಿಯೇ ಏನಿಲ್ಲ ಎಂದಳಲ್ಲ ಎಂಬ ಧೈರ್ಯದಲ್ಲಿ ಆ ಮದುವೆ ಕಾಲವೆಲ್ಲ ದಿನಕ್ಕೆ ಮೂರು ಮೂರು ತಲೆ ಮಾಡಿದರು... ಮಳೆಗಾಲದ ಹೊತ್ತಿಗೆ ಮಂಡ್ಯದ ಆಸ್ಪತ್ರೆಯಲ್ಲಿದ್ದರು. ಹೊಗೆ ಕುಡಿದೂ ಕುಡಿದೂ ಶ್ವಾಸಕೋಶ ಕೆಟ್ಟಿದೆ ಎಂದರಂತೆ ಡಾಕ್ಟರು. ನಾನು ಹೋದಾಗ ಆಕ್ಸಿಜನ್ ಮಾಸ್ಕ್ ಸರಿಸಿ ನನ್ನ ತಲೆ ಸವರಿದರು.

"ಮತ್ತೆ ಗುಂಗುರಾಯ್ತಲ್ಲವ್ವ ಕೂದ್ಲು... ಇರು, ಎದ್ದು ಬತ್ತೀನಿ. ನಾನೇ ನೆಟ್ಟಗೆ ಮಾಡ್ಕೊಡ್ತೀನಿ."

ಅಕ್ಕ, ನಂಗೆ ಗೊತ್ತಿತ್ತು ಎಂದು ಹೇಳಲೆಂದೇ ಹೋಗಿದ್ದೆ. ಮಾಸ್ಕ್ ಸರಿಮಾಡಿ ಬಂದೆ, ಹೇಳಲಿಲ್ಲ. ಅಕ್ಕ ಎದ್ದು ಬರಲೂ ಇಲ್ಲ.

ಪಾಠ ಮುಗಿದ ಮೇಲೆ ಆ ಹುಡುಗಿಯನ್ನು ನಿಲ್ಲಿಸಿ, ಯಾವ ಪಾರ್ಲರ್ ಅದು ಎಂದು ಕೇಳಿದೆ.

"ಮಳವಳ್ಳೀಲಿ ಮಿಸ್, ನಮ್ಮವ್ವಂದೇ."

"ಬಾಗ್ಲು ತೆಗೆದಿಟ್ಕೊಂಡು ಮಾಡ್ತಾರಾ?"

"ಅದೆಂಗಾಯ್ತದೆ ಮಿಸ್? ರೋಡಲ್ಲಿ ಗಂಡಸ್ರು ಓಡಾಡ್ತಾರಲ್ಲ!"

ಅವ್ವನ ನಂಬರ್ ಕೊಡು ಎಂದೆ. ಎರಡು ಸಲ ತಪ್ಪಾಗಿ ಒತ್ತಿದೆ. ಅಂದು ನುಂಗಿದ ಮಾತನ್ನು ಇವರಿಗಾದರೂ ಹೇಳಬೇಕು. ಹೇಳಿದರೂ ನನ್ನ ಅಕ್ಕ ಬರುವುದಿಲ್ಲ, ಅದು ನನಗೆ ಗೊತ್ತು. ಫೋನ್ ರಿಂಗಾಗುತ್ತಲೇ ಇತ್ತು... ಕೊನೆಗೆ ಎತ್ತಿದರು. ಹಲೋ ಎನ್ನುವುದಕ್ಕೂ ಮೊದಲು ಆ ಕಡೆಯಿಂದ ಕೇಳಿದ್ದು ಕೆಮ್ಮು.