ಹಾರ್ಮೋನಿಯಂ ಕೈಯ ಮೆತ್ತನೆ ಪಿಯಾನೊ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಿರವತ್ತಿಯ ಹೆದ್ದಾರಿ ಬದಿಯ ಢಾಬಾದಲ್ಲಿ ಅಡುಗೆಯ ಹೊನ್ನ ಚಹಾಕ್ಕೆ ನೀರಿಡುತ್ತಿದ್ದಾನೆ. ಢಾಬಾದ ಹಿಂದಿನ ತಮ್ಮ ಮನೆಯ ಹಿತ್ತಿಲಲ್ಲಿ ವಾದಕಿ ರೋಹಿಣಿ ಕೀಬೋರ್ಡಿನ ಮುಂದೆ ಕೂತಿದ್ದಾರೆ. ಒಂದು ಸ್ವರ ಒತ್ತುತ್ತಾರೆ, ಕಿವಿಗೊಡುತ್ತಾರೆ, ಲ್ಯಾಪ್‌ಟಾಪಿನಲ್ಲಿ ಏನನ್ನೋ ಕೂದಲೆಳೆಯಷ್ಟು ಸರಿಸುತ್ತಾರೆ, ಮತ್ತೆ ಅದೇ ಸ್ವರ. ಪಕ್ಕದಲ್ಲಿ ಸಭಾಭವನಗಳಲ್ಲಿ ಇಡುವಂಥ ದೊಡ್ಡ ಸ್ಪೀಕರ್ ಪೆಟ್ಟಿಗೆ. ಬೇಲಿಯಾಚೆಯಿಂದ ಹೊನ್ನನ ತೀರ್ಪು ಬರುತ್ತದೆ: "ಅಕ್ಕಾರ, ಇನ್ನೂ ತಾಟು ಬಡದಂಗ ಕೇಳ್ತೈತ್ರಿ!"

"ಹೊನ್ನಗ ಸಂಗೀತದ ಗಂಧಾ ಇಲ್ರಿ. ಆದ್ರ ತಾಟಿನ ಸಪ್ಪಳ ಅವ್ನಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ" ಎಂದು ರೋಹಿಣಿ ನಗುತ್ತಾರೆ. ಹೆಡ್‌ಫೋನಿನಲ್ಲಿ ಹಿತವಾಗಿದ್ದ ಸದ್ದು ಸಭಾಭವನದ ಪೆಟ್ಟಿಗೆಯಿಂದ ಹೊರಬಂದರೆ ಕಿವಿಗೆ ಚುಚ್ಚುತ್ತದೆ. ಅದಕ್ಕೇ ಪೆಟ್ಟಿಗೆಯನ್ನೇ ಎರವಲು ತಂದು ಹಿತ್ತಿಲಲ್ಲಿ ಇಟ್ಟುಕೊಂಡಿದ್ದಾರೆ. ಲಾರಿಗಳ ಸಾಲು ಶುರುವಾಗುವ ಮೊದಲು ಸಿಗುವ ಹೊತ್ತು ಇಷ್ಟೇ.

ಈ ವಾರ ಆ ಹೊತ್ತು ಸಾಲುತ್ತಿಲ್ಲ. ಭಾನುವಾರ ಸಿದ್ದಾಪುರದಲ್ಲಿ ಲಕ್ಷ್ಮೀ ಹಾಡುವವರಿದ್ದಾರೆ. ಶಿರಸಿ ಕಡೆ ಭಾವಗೀತೆ ಕಲಿತವರಲ್ಲಿ ಅರ್ಧದಷ್ಟು ಮಂದಿ ಇವರ ಶಿಷ್ಯರೇ. ಗಂಟಲಿನ ಶಸ್ತ್ರಚಿಕಿತ್ಸೆ ಆದಮೇಲೆ ಅವರು ವೇದಿಕೆ ಹತ್ತಿಲ್ಲ. ದನಿ ವಾಪಸ್ಸು ಬಂದಿದೆ, ಆದರೆ ಸಣ್ಣದಾಗಿ ಬಂದಿದೆ. ಮೇಲಿನ ಸ್ವರಕ್ಕೆ ಹೋದರೆ ಒಡೆಯುತ್ತದೆ. "ಇದೊಂದು ಸಲ ನೋಡೂದು. ಕೇಳೂ ಹಾಂಗಿಲ್ಲ ಅಂದ್ರೆ ಇನ್ನು ಹಾಡೂದೇ ಇಲ್ಲ" ಎಂದು ಖಂಡತುಂಡವಾಗಿ ಹೇಳಿಬಿಟ್ಟಿದ್ದಾರೆ. ಜೊತೆಗೆ ತಬಲಾ ಬೇಡ, ಕೊಳಲು ಬೇಡ, ರೋಹಿಣಿಯ ಕೀಬೋರ್ಡಿನ ಪಿಯಾನೊ ಒಂದೇ ಸಾಕು ಎಂದವರೂ ಅವರೇ. ಭಾರವೆಲ್ಲ ಈಗ ರೋಹಿಣಿಯ ಹೆಗಲ ಮೇಲೆ.

ಹೆಗಲಿಗೆ ಭಾರ ಹೊಸದೇನಲ್ಲ ಬಿಡಿ. ರಸಮಂಜರಿ, ಶಾಲಾ ವಾರ್ಷಿಕೋತ್ಸವ, ಮದುವೆ ಆರತಕ್ಷತೆ, ಭರತನಾಟ್ಯ ಎಂದು ಮೂರು ತಾಲೂಕು ಸುತ್ತುವ ಈ ಹೆಣ್ಣುಮಗಳು ಕೀಬೋರ್ಡನ್ನು ಉದ್ದನೆಯ ಕಪ್ಪು ಚೀಲದಲ್ಲಿ ಹೊತ್ತು ಬಸ್ಸಿನಲ್ಲೇ ಓಡಾಡುತ್ತಾರೆ. "ಬಾಗ್ಲಾ ಮಾರಾಕ ಹೊಂಟೀರೇನ್ರಿ ಅಂತ ಕಂಡಕ್ಟರ್ ಕೇಳ್ತಾನ. ಹೌದಪಾ, ಚೌಕಟ್ಟು ಹಿಂದಿನ ಬಸ್ಸಿಗೆ ಬರ್ತೈತಿ ಅಂತೀನಿ" ಎನ್ನುತ್ತಾರೆ. ಕರಪತ್ರದಲ್ಲಿ ಹಾಡುವವರ ಹೆಸರು, ನಿರೂಪಕರ ಹೆಸರು, ಶಾಮಿಯಾನದವರ ಹೆಸರೂ ಇರುತ್ತದೆ. ಇವರದು 'ಮತ್ತು ಸಂಗಡಿಗರು' ಎಂಬುದರೊಳಗೆ ಮುಗಿದುಹೋಗುತ್ತದೆ. ಅದರ ಬಗ್ಗೆ ಕೇಳಿದರೆ ಮುಖ ಸಣ್ಣದಾಗುತ್ತದೆ. "ಬ್ಯಾಸರ ಆಗ್ತೈತ್ರಿ, ಸುಳ್ಳ ಯಾಕ ಹೇಳ್ಲಿ?"

ತವರು ಇಡಗುಂದಿ. ಅಪ್ಪ ಅಲ್ಲಿನ ಭಜನಾ ಮಂಡಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದರು, ಮಗಳ ಕೈ ಕುದುರಿದ್ದೂ ಅದರ ಮೇಲೆಯೇ. ತೊಂದರೆ ಇರುವುದೂ ಅಲ್ಲೇ. ಹಾರ್ಮೋನಿಯಂ ಮನೆಯನ್ನು, ಅಂದರೆ ಕೀಲಿಯನ್ನು, ಮೆಲ್ಲಗೆ ಒತ್ತಿದರೂ ಒಂದೇ, ಗುದ್ದಿದರೂ ಒಂದೇ; ದನಿಯ ಏರಿಳಿತವೆಲ್ಲ ಗಾಳಿ ಒತ್ತುವ ತಿದಿಯ ಕೈಯಲ್ಲಿ. ಎಲೆಕ್ಟ್ರಿಕ್ ಪಿಯಾನೊ ಹಾಗಲ್ಲ. ಹಳೆಯ ಕಾಲದ ಆ ವಾದ್ಯದಲ್ಲಿ ಪುಟ್ಟ ಸುತ್ತಿಗೆಯೊಂದು ತೆಳ್ಳನೆಯ ಲೋಹದ ಕಡ್ಡಿಗೆ ಬಡಿಯುತ್ತದೆ, ಪಕ್ಕದ ಅಯಸ್ಕಾಂತ ಆ ನಡುಕವನ್ನು ಹಿಡಿದು ಸ್ಪೀಕರಿಗೆ ಕಳಿಸುತ್ತದೆ. ರೋಹಿಣಿಯ ಲ್ಯಾಪ್‌ಟಾಪಿನಲ್ಲಿ ಇರುವುದು ಅದೇ ವಾದ್ಯದ ನಕಲು; ಸುತ್ತಿಗೆಯೂ ಇಲ್ಲ, ಕಡ್ಡಿಯೂ ಇಲ್ಲ, ಎಲ್ಲ ಲೆಕ್ಕದಿಂದಲೇ ಹುಟ್ಟುತ್ತದೆ. ಆದರೆ ಬೆರಳು ಜೋರಾಗಿ ಬಿದ್ದರೆ ಆ ಇಲ್ಲದ ಸುತ್ತಿಗೆಯೂ ಜೋರಾಗಿಯೇ ಬಡಿಯುತ್ತದೆ. ಹಾರ್ಮೋನಿಯಂ ಕೈ ಇಟ್ಟಲ್ಲೆಲ್ಲ ಅದು ಕಿರುಚುತ್ತದೆ.

"ಎಲ್ಲಾರೂ 'ಸ್ವಲ್ಪ ಸಣ್ಣ ಮಾಡ್ರಿ' ಅಂತಾರ. ಸೌಂಡಿನಾವ ವಾಲ್ಯೂಮ್ ಇಳಿಸ್ತಾನ. ಸಣ್ಣ ಆತು, ಖರೆ. ಮೆತ್ತಗ ಎಲ್ಲಿ ಆತು? ಸೂಜಿ ಸಣ್ಣದ ಇರ್ತೈತಿ, ಚುಚ್ಚಂಗಿಲ್ಲೇನು?"

ಹಾಗಾಗಿ ಅವರು ವಾಲ್ಯೂಮ್ ಮುಟ್ಟುವುದಿಲ್ಲ. ಲ್ಯಾಪ್‌ಟಾಪಿನಲ್ಲೇ ಸುತ್ತಿಗೆಯ ಗಡಸು ಇಳಿಸುತ್ತಾರೆ, ಅಯಸ್ಕಾಂತವನ್ನು ಕಡ್ಡಿಯಿಂದ ಕೊಂಚ ದೂರ ಸರಿಸುತ್ತಾರೆ, ಮೇಲುದನಿಯ ಹರಿತವನ್ನು ತುಸು ಸವರುತ್ತಾರೆ. ಈ ಸಲ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ: ಬೆರಳು ಎಷ್ಟೇ ಜೋರಾಗಿ ಬಿದ್ದರೂ ಸದ್ದು ಮೆಲ್ಲಗೇ ಬರುವಂತೆ ಕೀಲಿಗಳನ್ನು ಹೊಂದಿಸಿದ್ದಾರೆ. ಮೇಲಿಂದ ಸಭಾಂಗಣದಂಥ ಕೃತಕ ಮಾರ್ದನಿಯನ್ನೂ ಧಾರಾಳವಾಗಿ ಸುರಿದಿದ್ದಾರೆ. ಲಕ್ಷ್ಮಿಯವರ ದನಿ ಒಡೆದರೂ ಯಾರಿಗೂ ಗೊತ್ತಾಗಬಾರದು ಎಂಬುದು ಲೆಕ್ಕಾಚಾರ. ಬೆಳಗಿನ ಚಹಾದ ಹೊತ್ತಿಗೆ ಹೊನ್ನನೂ ಒಪ್ಪಿಗೆ ಕೊಟ್ಟಿದ್ದಾನೆ.

ಗುರುವಾರ ಇಸಳೂರಿನ ಲಕ್ಷ್ಮಿಯವರ ಮನೆಯಲ್ಲಿ ತಾಲೀಮು. ಮೊದಲ ಹಾಡಿನ ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಲಕ್ಷ್ಮೀ ಹಾಡು ನಿಲ್ಲಿಸುತ್ತಾರೆ.

"ಎಂತ ಮಾರಾಯ್ತಿ ಇದು? ಕಂಬಳಿ ಹೊದೆಸೂಕೆ ಬಂದಿದ್ಯಾ ನಂಗೆ?"

ರೋಹಿಣಿ ತಬ್ಬಿಬ್ಬು. "ಮೆತ್ತಗ ಮಾಡೇನ್ರಿ ಅಕ್ಕಾರ..."

"ನಾನು ಜೋರು ಹೋದ್ರೂ ಅದು ಏಳೂದಿಲ್ಲ, ಸಣ್ಣ ಮಾಡಿದ್ರೂ ಇಳಿಯೂದಿಲ್ಲ. ನನ್ನ ಮಾತೇ ಅದ್ರೊಳಗೆ ಹೂತುಹೋಗ್ತದೆ. ದನಿ ಒಡೀತದೆ ಹೇಳಿ ಮುಚ್ಚೂಕೆ ಮಾಡಿದ್ದಲ್ದಾ? ಹೌದೋ ಅಲ್ಲವೋ ಹೇಳು."

ಹೌದು ಎನ್ನದೆ ವಿಧಿಯಿಲ್ಲ. ಲಕ್ಷ್ಮಿಯವರ ಕಣ್ಣಲ್ಲಿ ನೀರು. ಸಿಟ್ಟಿಗೋ ಸಂಕಟಕ್ಕೋ ಹೇಳುವುದು ಕಷ್ಟ, ಎರಡೂ ಇರಬೇಕು. "ಒಡೆದ್ರೆ ಒಡೀಲಿ. ಈಗ ನಂಗಿರೂದು ಇದೇ ದನಿ. ಇದನ್ನೇ ಅಡಗಿಸಿಟ್ರೆ ನಾನು ಯಾಕೆ ಬರೂದು ಸಿದ್ದಾಪುರಕ್ಕೆ?"

ವಾಪಸ್ಸು ಬರುವ ಬಸ್ಸಿನಲ್ಲಿ ರೋಹಿಣಿಯನ್ನು ಅವಮಾನಕ್ಕಿಂತ ಹೆಚ್ಚಾಗಿ ಕಾಡುವುದು ನಾಚಿಕೆ. "ಕರುಣಾ ತೋರಿಸಾಕ ಹೋಗಿ ಅವ್ರ ಬಾಯಿ ಮುಚ್ಚಿದ್ದೆ ನೋಡ್ರಿ" ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ.

ಶುಕ್ರವಾರ ಬೆಳಗ್ಗೆ ಹಿತ್ತಿಲಲ್ಲಿ ಕೆಲಸ ತಿರುಗುಮುರುಗು. ಮಾರ್ದನಿಯನ್ನು ಹೆಚ್ಚುಕಡಿಮೆ ಪೂರ್ತಿ ತೆಗೆಯುತ್ತಾರೆ. ಸುತ್ತಿಗೆ ಮೆತ್ತಗೇ ಇರಲಿ, ಆದರೆ ಬೆರಳಿನ ಭಾರಕ್ಕೆ ತಕ್ಕಂತೆ ಸದ್ದು ಏಳಲಿ, ಬೀಳಲಿ ಎಂದು ಕೀಲಿಗಳ ಕಟ್ಟು ಸಡಿಲಿಸುತ್ತಾರೆ. ಇನ್ನು ತಿದ್ದುವುದಕ್ಕೆ ಉಳಿದಿರುವುದು ಲ್ಯಾಪ್‌ಟಾಪಲ್ಲ, ಸ್ವಂತ ಕೈ. ಚಿಕ್ಕಂದಿನಿಂದ ಬಂದ ಒತ್ತು ಎರಡು ದಿನದಲ್ಲಿ ಬಿಡುತ್ತದೆಯೇ? ಬೆರಳನ್ನು ಕೀಲಿಯ ಮೇಲೆ ಮೊದಲೇ ಇಟ್ಟು, ಆಮೇಲೆ ಅದರ ಭಾರವನ್ನಷ್ಟೇ ಇಳಿಬಿಡುವ ಅಭ್ಯಾಸ ನಡೆಯುತ್ತದೆ. ಹತ್ತು ಸಲಕ್ಕೆ ಏಳು ಸಲ ತಪ್ಪುತ್ತದೆ. "ಥೂ, ಈ ಕೈ!" ಎಂದು ಕೈಗೇ ಒಂದೇಟು ಬೀಳುತ್ತದೆ. ಶನಿವಾರ ಸಂಜೆ ತಪ್ಪು ಕಡಿಮೆಯಾಗಿದೆ, ನಿಂತಿಲ್ಲ.

ಭಾನುವಾರ ಸಿದ್ದಾಪುರದ ಸಭಾಭವನ ಮುಕ್ಕಾಲು ತುಂಬಿದೆ. ಎರಡು ಹಾಡು ಸಲೀಸಾಗಿ ಸಾಗುತ್ತವೆ. ಒಂದೆಡೆ ರೋಹಿಣಿಯ ಬೆರಳು ಹಳೇ ಚಾಳಿಗೆ ಜಾರಿ ಠಣ್ಣೆನ್ನುತ್ತದೆ. ಲಕ್ಷ್ಮೀ ತಿರುಗಿಯೂ ನೋಡುವುದಿಲ್ಲ. ಮೂರನೆಯ ಹಾಡಿನಲ್ಲಿ ಮೇಲಿನ ಷಡ್ಜಕ್ಕೆ ಏರುವಾಗ ದನಿ ಫಕ್ಕನೆ ಒಡೆಯುತ್ತದೆ. ಇಂಥ ಕಡೆ ಜೊತೆಗಾರರ ಕೈ ತಾನಾಗಿ ಮುಂದೆ ಬಂದು ಸಂದು ತುಂಬಿಬಿಡುತ್ತದೆ. ರೋಹಿಣಿ ಎರಡೂ ಕೈಗಳನ್ನು ಎತ್ತಿ ತೊಡೆಯ ಮೇಲಿಟ್ಟುಕೊಳ್ಳುತ್ತಾರೆ.

ಒಡೆದ ದನಿ ಬೆತ್ತಲಾಗಿ ನಿಲ್ಲುತ್ತದೆ. ಲಕ್ಷ್ಮೀ ಉಸಿರೆಳೆದುಕೊಂಡು, ಅದೇ ಸಾಲನ್ನು ಅದೇ ಎತ್ತರದಲ್ಲಿ ಮತ್ತೆ ಹಿಡಿಯುತ್ತಾರೆ. ಮತ್ತೆ ಒಡೆಯುತ್ತದೆ, ಆದರೆ ಈ ಸಲ ಅವರು ಬಿಡುವುದಿಲ್ಲ. ಒಡಕಿನ ಜೊತೆಗೇ ಸಾಲು ಮುಗಿಸುತ್ತಾರೆ. ಆಮೇಲೆ ಪಿಯಾನೊ ಮೆಲ್ಲಗೆ ಬಂದು ಸೇರಿಕೊಳ್ಳುತ್ತದೆ. ಮುಂದಿನ ಸಾಲಿನ ಹೆಂಗಸೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಕಾರ್ಯಕ್ರಮ ಮುಗಿದ ಮೇಲೆ ಲಕ್ಷ್ಮಿಯವರ ಸುತ್ತ ಜನವೋ ಜನ. ಯಲ್ಲಾಪುರದಲ್ಲೂ ಹಾಡಬೇಕು ಎಂದು ಯಾರೋ ಕೇಳುತ್ತಿದ್ದಾರೆ; ಅವರು ಇಲ್ಲ ಎನ್ನುತ್ತಿಲ್ಲ. ರೋಹಿಣಿ ವೇದಿಕೆಯ ಮೂಲೆಯಲ್ಲಿ ತಂತಿ ಸುತ್ತುತ್ತಿದ್ದಾರೆ. ಇಂದು ಅತ್ಯಂತ ಚೆನ್ನಾಗಿ ನುಡಿಸಿದ್ದು ಯಾವ ಜಾಗ ಎಂದು ಕೇಳಿದರೆ ತಂತಿ ಸುತ್ತುತ್ತಲೇ ಹೇಳುತ್ತಾರೆ.

"ಅಕ್ಕಾರ ದನಿ ಒಡದಿದ್ದು ಕಡೀ ಸಾಲಿನ ಕುರ್ಚಿತನಕ ಕೇಳಿಸ್ತಲ್ರಿ? ಅಲ್ಲಿ."