ಬೆಟ್ಟದ ಪ್ಲಾನಿನಲ್ಲಿ ಬಚ್ಚಮ್ಮ ಬರೆಸಿದ್ದು

ಬಚ್ಚಮ್ಮ ಹೋದ ಶುಕ್ರವಾರ ಸಂಜೆ ತೀರಿಕೊಂಡಳು. ಎದೆ ಹಿಡಿದುಕೊಂಡಂತಿದೆ ಎಂದು ಜಗಲಿಯ ಮೇಲೆ ಕೂತವಳು, ಮುಳಬಾಗಿಲಿಗೆ ಕರೆದುಕೊಂಡು ಹೋಗಲು ಗಾಡಿ ಕಟ್ಟುವಷ್ಟರಲ್ಲಿ ಇಲ್ಲವಾದಳು.

ಆವನಿಯ ಆಚೆಗಿರುವ ಈ ಊರಿನ ಶಾಲೆಗೆ ನಾನು ಟೀಚರಾಗಿ ಬಂದಾಗಿನಿಂದ ಅವಳ ಪಕ್ಕದ ಮನೆಯಲ್ಲೇ ಇದ್ದೇನೆ. ರಾಗಿ ಹೊಲ, ಒಂದಿಷ್ಟು ಹಿಪ್ಪುನೇರಳೆ, ಎರಡು ಎಮ್ಮೆ, ಇಷ್ಟು ಅವಳ ಸಂಸಾರ. ಗಂಡ ಬೇಗ ಹೋಗಿದ್ದ. ಅಕ್ಷರ ಬರುತ್ತಿರಲಿಲ್ಲ. ಆದರೂ ಸರ್ಕಾರದ ಒಂದು ದಪ್ಪ ಪುಸ್ತಕದಲ್ಲಿ ಅವಳ ಮಾತಿನಿಂದ ಬದಲಾದ ಒಂದು ಪುಟವಿದೆ. ಅವಳ ಬಗ್ಗೆ ಬರೆಯುವುದಾದರೆ ನಾನು ಅದನ್ನೇ ಬರೆಯಬೇಕು.

ನಮ್ಮೂರ ಬೆಟ್ಟ ಅರಣ್ಯ ಇಲಾಖೆಯದು, ಒಪ್ಪಿಗೆಯಿಲ್ಲದೆ ಅಲ್ಲಿಂದ ಏನು ತಂದರೂ ಕೇಸು. ಅಂಥ ಕಾಡುಗಳಿಗೆ ಹತ್ತು ವರ್ಷಕ್ಕೊಮ್ಮೆ ಒಂದು ಕಾರ್ಯಯೋಜನೆ ಬರೆಯುತ್ತಾರೆ. ಊರಿನವರು ಅದನ್ನು ಪ್ಲಾನು ಅನ್ನುತ್ತಾರೆ. ಯಾವ ವರ್ಷ ಯಾವ ಭಾಗ ಕಡಿಯಬೇಕು, ಅಲ್ಲಿ ಏನು ನೆಡಬೇಕು, ಯಾವ ಊರಿಗೆ ಏನು ಬಿಟ್ಟುಕೊಡಬೇಕು, ಎಲ್ಲ ಅದರಲ್ಲಿ ಇರುತ್ತದೆ. ಬರೆಯುವ ಮೊದಲು ಅಧಿಕಾರಿಗಳು ಊರೂರಿಗೆ ಬಂದು ವಿಚಾರಿಸುತ್ತಾರೆ. ಎಪ್ಪತ್ನಾಲ್ಕರಲ್ಲಿ ನಮ್ಮೂರಿಗೂ ಬಂದರು.

ಜೀಪು ಕಂಡದ್ದೇ ತಡ, ಊರಿನ ಹೆಂಗಸರು ಸೌದೆ ಹೊರೆಗಳನ್ನು ಹುಲ್ಲಿನ ಮೆದೆಯೊಳಗೆ ತುರುಕಿದರು. ಬಚ್ಚಮ್ಮ ಹೊಂಗೆ ಸೊಪ್ಪಿನ ಹೊರೆಯ ಮೇಲೆ ಸೆರಗು ಹರಡಿಕೊಂಡು ಕೂತುಬಿಟ್ಟಳು. ಪಂಚಾಯಿತಿ ಮೆಂಬರು ಚನ್ನರಾಯಪ್ಪನವರು ಕೈ ಮುಗಿದು ನಿಂತರು.

"ಬೆಟ್ಟದಿಂದ ಏನೇನು ತರ್ತೀರಿ?" ಎಂದು ಅಧಿಕಾರಿ ಕೇಳಿದರು.

"ಬೆಟ್ಟನಾ? ನಾವು ಆ ಕಡೆ ತಲೆ ಹಾಕಿ ಮಲಗೋದೂ ಇಲ್ಲ ಸ್ವಾಮಿ," ಎಂದರು ಚನ್ನರಾಯಪ್ಪನವರು.

"ಮತ್ತೆ ಒಲೆಗೆ?"

"ಬೆರಣಿ ಸ್ವಾಮಿ," ಎಂದಳು ಬಚ್ಚಮ್ಮ, ಕೂತಲ್ಲಿಂದಲೇ. ಊರೆಲ್ಲ ಹೌದೆಂದು ತಲೆಯಾಡಿಸಿತು.

ಜೀಪು ಹೋದ ಮೇಲೆ ಎಲ್ಲರೂ ನಕ್ಕರು. ಕೇಸು ತಪ್ಪಿತು ಎಂದುಕೊಂಡರು. ಎರಡು ವರ್ಷದ ಮೇಲೆ ಬೆಟ್ಟದ ಸುತ್ತ ಟ್ರೆಂಚು ತೋಡಿದರು. ಪಡುವಣ ಇಳಿಜಾರಿನ ಹೊಂಗೆ, ಸೀತಾಫಲ, ತಂಗಡಿ ಎಲ್ಲ ಸವರಿ ನೀಲಗಿರಿ ನೆಟ್ಟರು. ಗಾರ್ಡ್ ಆವಲಪ್ಪ ಕುಡುಗೋಲು ಕಂಡರೆ ಕಿತ್ತುಕೊಳ್ಳತೊಡಗಿದ. ಗೊಬ್ಬರಕ್ಕೆ ಸೊಪ್ಪಿಲ್ಲದೆ ರಾಗಿ ಹೊಲ ಸಾರ ಕಳೆದುಕೊಂಡಿತು. ಇದೇಕೆ ಹೀಗಾಯಿತೆಂದು ನಾನು ಮುಳಬಾಗಿಲಿನ ಕಚೇರಿಯಲ್ಲಿ ಕೇಳಿದೆ. ಅಲ್ಲಿನವರು ಪ್ಲಾನು ತೆಗೆದು ತೋರಿಸಿದರು: ಈ ಗ್ರಾಮಸ್ಥರಿಗೆ ಬೆಟ್ಟದ ಅಗತ್ಯವಿಲ್ಲವೆಂದು ವಿಚಾರಣೆಯಿಂದ ತಿಳಿದುಬಂದಿದೆ.

ಬಂದು ಬಚ್ಚಮ್ಮನಿಗೆ ಹೇಳಿದೆ. ಅವಳು ಮೊದಲು ನಕ್ಕಳು.

"ಅಂಗಾದ್ರೆ ಅವರೇನೂ ಸುಳ್ಳು ಬರೆದಿಲ್ಲ ಟೀಚರಮ್ಮ. ನಾವು ಹೇಳಿದ್ದನ್ನೇ ಬರೆದವ್ರೆ. ಅದನ್ನ ತಿದ್ದಕಾಗಲ್ವಾ?"

ಆಗುತ್ತದೆ ಎಂದೆ. ನಡುವೆ ಒಮ್ಮೆ ಪ್ಲಾನನ್ನು ಪರಿಶೀಲಿಸುತ್ತಾರೆ. ಆಗ ತಕ್ಕ ಕಾರಣ ಕಂಡರೆ ತಿದ್ದುಪಡಿ ಬರೆದು ಮೇಲಿನವರ ಒಪ್ಪಿಗೆಗೆ ಕಳಿಸುತ್ತಾರೆ. ಆ ಪರಿಶೀಲನೆ ಎಂಬತ್ತರಲ್ಲಿ ಇತ್ತು. ಎಂಬತ್ತೊಂದರಲ್ಲಿ ಮೂಡಣ ಇಳಿಜಾರನ್ನು ಕಡಿಯುವ ಸರದಿ. ಅದೂ ಹೋದರೆ ಊರಿಗೆ ಒಂದು ಹಿಡಿ ಸೊಪ್ಪೂ ಇರುತ್ತಿರಲಿಲ್ಲ.

ಅಧಿಕಾರಿ ಬರುವ ದಿನ ಗೊತ್ತಾದ ಮೇಲೆ ಬಚ್ಚಮ್ಮ ಮನೆಮನೆಗೆ ಹೋಗಿ, ನಿಜ ಹೇಳೋಣ ಬನ್ನಿ ಎಂದಳು. ಚನ್ನರಾಯಪ್ಪನವರಿಗೆ ಸಿಟ್ಟು ಬಂತು.

"ಊರನ್ನೇ ಜೈಲಿಗೆ ಕಳಿಸ್ತೀಯೇನಮ್ಮ?"

"ಕಳಿಸ್ಲಿ ಬಿಡಣ್ಣ. ಹಿಟ್ಟು ಅವರೇ ಹಾಕ್ತಾರೆ, ರಾಗಿ ಬೆಳೆಯೋ ತಾಪತ್ರಯ ತಪ್ತದೆ."

ಅವತ್ತು ಶಾಲೆಯ ಮುಂದೆ ಮೇಜು ಹಾಕಿದ್ದರು. ಹೊಸ ಅಧಿಕಾರಿ, ಸಮಾಧಾನದ ಮನುಷ್ಯ. ಹಳೆಯ ಪ್ರಶ್ನೆಯನ್ನೇ ಕೇಳಿದರು. ಗಂಡಸರು ನೆಲ ನೋಡಿದರು. ಬಚ್ಚಮ್ಮ ಹಿಂದಿನಿಂದ ಬಂದು ಸೊಪ್ಪಿನ ಹೊರೆಯನ್ನು ಮೇಜಿನ ಮುಂದೆ ಇಳಿಸಿ, ಕುಡುಗೋಲನ್ನು ಅದರ ಮೇಲಿಟ್ಟಳು.

"ರಾಸ್ಕೋಂಡಿ ಸ್ವಾಮಿ," ಎಂದು ತೆಲುಗಿನಲ್ಲಿ ಶುರುಮಾಡಿದಳು. "ಬರ್ಕೊಳ್ಳಿ. ಇದು ನಾನು ಇವತ್ತು ಬೆಳಿಗ್ಗೆ ಕದ್ದಿದ್ದು. ಮದುವೆಯಾಗಿ ಬಂದಾಗಿಂದ ಕದೀತಿದೀನಿ. ಹೋದ ಸಲ ಸುಳ್ಳು ಹೇಳ್ದೆ."

"ನಿನ್ನ ಮೇಲೆ ಕೇಸು ಹಾಕ್ಬಹುದಮ್ಮ, ಗೊತ್ತೇನು?"

"ಹಾಕ್ಕೊಳ್ಳಿ. ಮೊದಲು ಇದನ್ನ ಬರ್ಕೊಳ್ಳಿ."

ಅಷ್ಟರಲ್ಲಿ ಅವಳ ಓರಗಿತ್ತಿ ದೊಡ್ಡವೆಂಕಟಮ್ಮ ಮುಂದೆ ಬಂದಳು. ಇಬ್ಬರೂ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು.

"ಇವಳೇನು ಮಹಾ ಕದ್ದಿರೋದು ಸ್ವಾಮಿ, ನಾನು ಇವಳಿಗಿಂತ ಜಾಸ್ತಿ ಕದ್ದಿದೀನಿ. ನಂದೂ ಬರ್ಕೊಳ್ಳಿ."

ಆಮೇಲೆ ತಡೆಯುವವರೇ ಇರಲಿಲ್ಲ. ಸೌದೆ ತಂದವರು, ಹುಲ್ಲು ತಂದವರು, ಸೀತಾಫಲವನ್ನು ಮುಳಬಾಗಿಲು ಬಸ್‌ಸ್ಟ್ಯಾಂಡಿನಲ್ಲಿ ಮಾರಿದವರು, ಎಲ್ಲರೂ ಮೇಜಿಗೆ ಮುತ್ತಿಕೊಂಡರು. ಕೊನೆಗೆ ಚನ್ನರಾಯಪ್ಪನವರೂ ತಮ್ಮ ನೇಗಿಲಿನ ಮರ ಎಲ್ಲಿಯದೆಂದು ಹೇಳಿದರು. ಅಧಿಕಾರಿ ಗಾರ್ಡಿನ ಕಡೆ ತಿರುಗಿ, "ಏನ್ರೀ ಆವಲಪ್ಪ, ಊರೆಲ್ಲ ಹೊತ್ಕೊಂಡು ಹೋಗೋವಾಗ ನೀವೆಲ್ಲಿದ್ರಿ?" ಎಂದರು.

"ಊಟಕ್ಕೆ ಹೋಗಿದ್ದೆ ಸಾರ್."

ಅಧಿಕಾರಿಯೂ ನಕ್ಕುಬಿಟ್ಟರು. ಕೇಸು ಹಾಕಲಿಲ್ಲ. ಮಾರನೆಯ ದಿನ ಬಚ್ಚಮ್ಮನನ್ನು ಕರೆದುಕೊಂಡು ಇಳಿಜಾರನ್ನೆಲ್ಲ ಸುತ್ತಿ ನೋಡಿದರು. ಅವರು ಬರೆದ ತಿದ್ದುಪಡಿ ಕೋಲಾರಕ್ಕೆ, ಅಲ್ಲಿಂದ ಬೆಂಗಳೂರಿಗೆ ಹೋಗಿ, ಮಂಜೂರಾಗಿ ಬಂತು. ಕೇಳಿದ್ದೆಲ್ಲ ಸಿಗಲಿಲ್ಲ. ಪಡುವಣ ಕಡೆ ನೀಲಗಿರಿಯೇ ಉಳಿಯಿತು, ಮೇಕೆ ಬಿಡುವುದಕ್ಕೆ ಒಪ್ಪಲಿಲ್ಲ. ಆದರೆ ಮೂಡಣ ಇಳಿಜಾರಿಗೆ ಕೊಡಲಿ ಬೀಳಲಿಲ್ಲ. ಅಲ್ಲಿಂದ ಸೊಪ್ಪು, ಹುಲ್ಲು, ಒಣ ಸೌದೆ ತಲೆಹೊರೆಯಲ್ಲಿ ಊರಿಗೆ ಬರಬಹುದು ಎಂದಾಯಿತು. ಆ ಪುಟವನ್ನು ನಾನು ಕಚೇರಿಯಲ್ಲಿ ಓದಿ ಬಂದೆ.

"ನನ್ನ ಹೆಸರೈತಾ?" ಎಂದಳು.

"ಇಲ್ಲ. ಗ್ರಾಮಸ್ಥರು ಅಂತಿದೆ."

"ಅದೇ ವಾಸಿ. ನನ್ನ ಹೆಸರಿದ್ದಿದ್ರೆ, ನಾನು ಸತ್ತ ಮೇಲೆ ಸೊಪ್ಪು ಕೊಡಲ್ಲ ಅನ್ನೋರು."

ಈ ವರ್ಷ ಹತ್ತು ವರ್ಷದ ಅವಧಿ ಮುಗಿದು ಹೊಸ ಪ್ಲಾನು ಬರೆಯುತ್ತಿದ್ದಾರೆ. ಹೋದ ಶುಕ್ರವಾರ ಬೆಳಿಗ್ಗೆ ವಿಚಾರಣೆಗೆ ಬಂದಿದ್ದರು. ಈಗ ಊರಿಗೆ ಹೆದರಿಕೆಯಿಲ್ಲ. ಇನ್ನೂ ಬೇಕು, ಹಸಿ ಕೊಂಬೆಯೂ ಬೇಕು ಎಂದು ಎಲ್ಲರೂ ಕೂಗಿದರು. ಬಚ್ಚಮ್ಮ ಎದ್ದು, ಮೂಡಣದ ಕೊರಕಲಿನಲ್ಲಿ ಹೊಂಗೆ ಬೋಳಾಗಿದೆ, ಅಲ್ಲಿ ಚಿಗುರುವುದಕ್ಕೂ ನಾವು ಬಿಡುತ್ತಿಲ್ಲ, ಎರಡು ವರ್ಷ ಅಲ್ಲಿಗೆ ಯಾರೂ ಹೋಗಬಾರದೆಂದು ಬರೆಯಿರಿ ಎಂದಳು. ಅವಳ ಮನೆಗೆ ಹತ್ತಿರದ ಜಾಗ ಅದೇ.

"ಏನಕ್ಕಾ, ನೀನೇ ತೆಗೆಸಿ ನೀನೇ ಮುಚ್ಚಿಸ್ತೀಯಾ?" ಎಂದಳು ದೊಡ್ಡವೆಂಕಟಮ್ಮ.

"ಹೂಂ ಕಣೇ. ಕದ್ದಿದ್ದು ಹೇಳಕ್ಕೆ ಮುಂದೆ ಬಂದ್ಯಲ್ಲ, ಇದಕ್ಕೂ ಬಾ."

ಗೊಣಗಿಕೊಂಡೇ ಎಲ್ಲರೂ ಒಪ್ಪಿದರು. ಅಧಿಕಾರಿಗಳು ಬರೆದುಕೊಂಡು ಹೋದರು. ಮಂಜೂರಾಗಿ ಬರಲು ತಿಂಗಳುಗಟ್ಟಲೆ ಆಗುತ್ತದೆ, ಅಲ್ಲಿಯವರೆಗೆ ಅವಸರವಿಲ್ಲ ಎಂದು ನಾನು ಹೇಳಿದೆ. ಅವಳು ಕಾಯಲಿಲ್ಲ. ಮಧ್ಯಾಹ್ನದ ಬಿಸಿಲಲ್ಲೇ ಕೊರಕಲಿನ ಬಾಯಿಗೆ ಹೋಗಿ, ಜಾಲಿ ಮುಳ್ಳಿನ ಕೊಂಬೆಗಳನ್ನು ಎಳೆದು ತಂದು ಕಾಲುದಾರಿಗೆ ಅಡ್ಡ ಹಾಕಿದಳು. ಗಾಳಿಗೆ ಸರಿಯದಂತೆ ಅವುಗಳ ಮೇಲೆ ಕಲ್ಲು ಹೇರಿದಳು.